ಓದುಗರ ಪ್ರಶ್ನೆ, ಚಿತ್ರಗಾರನ ಉತ್ತರ: ಈ ಸಲ ಬಾತುಕೋಳಿಗಳ ಸರದಿ

ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಇಂಗ್ಲಿಷ್ ಇನ್ನೂ ಬಾರದು. ಆದರೂ ಡೊನಾಲ್ಡ್ ಡಕ್ ಹಾಕಿದರೆ ಬಿದ್ದು ಬಿದ್ದು ನಗುತ್ತಾಳೆ. ಇಂಗ್ಲಿಷ್ ಬರುವ ನನಗೇ ಅವನ ಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ. ಆ ದನಿಯನ್ನು ಯಾವುದಾದರೂ ಯಂತ್ರದಿಂದ ತೆಗೆಯುತ್ತಾರೆಯೇ?
– ಒಬ್ಬ ಅಜ್ಜಿ, ತೀರ್ಥಹಳ್ಳಿ

ಯಂತ್ರ ಏನೂ ಇಲ್ಲಮ್ಮ, ಅದು ಮನುಷ್ಯನ ಕೆನ್ನೆಯಿಂದ ಬರುವ ದನಿ. ನಾವು ಮಾತಾಡುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ಕ್ಲಾರೆನ್ಸ್ ನ್ಯಾಶ್ ಅನ್ನುವ ಕಲಾವಿದ ಗಂಟಲನ್ನು ಸುಮ್ಮನಿರಿಸಿ, ಕೆನ್ನೆಗೂ ದವಡೆಗೂ ನಡುವೆ ಗಾಳಿ ಹಿಡಿದು, ಅದನ್ನು ಒತ್ತಿ ಹೊರಗೆ ಬಿಡುತ್ತಿದ್ದ. ಆ ಗಾಳಿಯ ಕಂಪನದಲ್ಲೇ ನಾಲಿಗೆ, ತುಟಿ ಆಡಿಸಿ ಮಾತು ಹೊರಡಿಸಬೇಕು. ಹಾಗಾಗಿ ಅಕ್ಷರಗಳು ಕಲಸಿಹೋಗುತ್ತವೆ. ಮೊದಲಿಗೆ ಅವನು ಆ ದನಿಯಲ್ಲಿ ಅಣಕಿಸುತ್ತಿದ್ದದ್ದು ಆಡಿನ ಮರಿಯನ್ನು. ವಾಲ್ಟ್ ಡಿಸ್ನಿಯ ಕಿವಿಗೆ ಅದು ಮಾತಾಡುವ ಬಾತುಕೋಳಿಯಾಗಿ ಕೇಳಿಸಿತು. 1934ರಲ್ಲಿ ‘ದಿ ವೈಸ್ ಲಿಟಲ್ ಹೆನ್’ ಎಂಬ ಕಿರುಚಿತ್ರದಲ್ಲಿ ಡೊನಾಲ್ಡ್ ಮೊದಲ ಸಲ ತೆರೆಗೆ ಬಂದ. ಜೋಳ ಬಿತ್ತಲು ಕೋಳಿಯಮ್ಮ ಸಹಾಯ ಕೇಳಿದರೆ ಹೊಟ್ಟೆನೋವು ಅಂತ ನಾಟಕ ಆಡುವ ಸೋಮಾರಿಯ ಪಾತ್ರ ಅದು.

1985ರಲ್ಲಿ ತೀರಿಕೊಳ್ಳುವವರೆಗೂ ನ್ಯಾಶ್ ಡೊನಾಲ್ಡ್‌ನ ದನಿಯಾಗಿದ್ದ. ಆಮೇಲೆ ಬಂದ ಟೋನಿ ಆನ್ಸೆಲ್ಮೊ ವಿದ್ಯೆ ಕಲಿತದ್ದು ನ್ಯಾಶ್‌ನಿಂದಲೇ. ಆನ್ಸೆಲ್ಮೊ ಡಿಸ್ನಿಯಲ್ಲಿ ಚಿತ್ರ ಬಿಡಿಸುತ್ತಿದ್ದ ಅನಿಮೇಟರ್. ನನಗೆ ಈ ಸಂಗತಿ ತುಂಬಾ ಇಷ್ಟ. ನಾನೂ ಬೆಂಗಳೂರಿನ ಸ್ಟುಡಿಯೊವೊಂದರಲ್ಲಿ ವರ್ಷಗಟ್ಟಲೆ ಲೈಟ್‌ಬಾಕ್ಸ್ ಮುಂದೆ ಕೂತು, ಹಿರಿಯರು ಬರೆದ ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ತುಂಬುತ್ತಿದ್ದವನು. ಕೈಯಲ್ಲಿ ಗೆರೆ ಎಳೆಯುವವನೇ ಬಾಯಲ್ಲಿ ದನಿಯನ್ನೂ ಕೊಡುತ್ತಾನೆ ಅಂದರೆ ಆ ಪಾತ್ರ ಅವನ ಮೈಯೊಳಗೇ ಇಳಿದಿರಬೇಕು.

ಇನ್ನು ಮೊಮ್ಮಗಳ ನಗು. ಮಾತು ತಿಳಿಯದಿರುವುದೇ ಡೊನಾಲ್ಡ್‌ನ ಭಾಗ್ಯ ಅಂತ ನಾನು ನಂಬುತ್ತೇನೆ. ಮಾತನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಚಿತ್ರಗಾರರು ಮೈಯಿಂದಲೇ ಎಲ್ಲವನ್ನೂ ಹೇಳಿಸಬೇಕಾಯಿತು. ಅದೇ 1934ರ ‘ಆರ್ಫನ್ಸ್ ಬೆನಿಫಿಟ್’ ನೋಡಿ. ಅನಾಥ ಮಕ್ಕಳ ಮುಂದೆ ವೇದಿಕೆಯಲ್ಲಿ ಡೊನಾಲ್ಡ್ ಪದ್ಯ ಹೇಳಲು ನಿಲ್ಲುತ್ತಾನೆ, ತುಂಟರು ಗೇಲಿ ಮಾಡುತ್ತಾರೆ. ಅವನು ಒಂದು ಮುಷ್ಟಿ ಮುಂದೆ ಚಾಚಿ, ಇನ್ನೊಂದು ತೋಳನ್ನು ಗಿರಗಿರ ಬೀಸುತ್ತಾ, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾನೆ. ಡಿಕ್ ಲಂಡಿ ಬಿಡಿಸಿದ ಈ ಸಿಟ್ಟಿನ ಭಂಗಿಯೇ ಮುಂದೆ ಡೊನಾಲ್ಡ್‌ನ ಗುರುತಾಯಿತು. ನಾನು ಇದನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದ್ದೇನೆ. ಅಷ್ಟೆಲ್ಲ ಆರ್ಭಟದಲ್ಲಿ ಅವನು ಯಾರಿಗೂ ಹೊಡೆಯುವುದಿಲ್ಲ. ಗಾಳಿಯ ಜೊತೆಗೇ ಅವನ ಗುದ್ದಾಟ. ಬೇಕಾದದ್ದು ಸಿಗದೆ ನೆಲಕ್ಕೆ ಕಾಲು ಅಪ್ಪಳಿಸುವ ಮಗುವಿಗೆ ಅದು ತನ್ನದೇ ಸಿಟ್ಟು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಹೊತ್ತಿಗೆ ಮಿಕ್ಕಿ ಮೌಸ್ ಊರಿಗೆಲ್ಲ ಮಾದರಿ ಹುಡುಗನಾಗಿದ್ದ, ಅವನು ಕೆಟ್ಟದಾಗಿ ನಡೆದುಕೊಂಡರೆ ನೋಡುವವರು ಸಹಿಸುತ್ತಿರಲಿಲ್ಲ. ಹೀಗಾಗಿ ಕೋಪ, ಹೊಟ್ಟೆಕಿಚ್ಚು, ಹಟ ಎಲ್ಲವೂ ಬಾತುಕೋಳಿಯ ಪಾಲಿಗೆ ಬಂತು. ಒಳ್ಳೆಯ ಪಾಲೇ ಬಂತು ಅನ್ನುತ್ತೇನೆ ನಾನು.

ನಾವು ಮನೆಯಲ್ಲಿ ಬಾತುಕೋಳಿ ಸಾಕಿದ್ದೇವೆ. ‘ಕ್ವಾಕ್ ಕ್ವಾಕ್’ ಅಂತ ಗಟ್ಟಿಯಾಗಿ ಕೂಗುವುದು ಹೆಣ್ಣು ಮಾತ್ರ. ಸಿನಿಮಾದವರು ಇದನ್ನೆಲ್ಲ ನೋಡಿ ಮಾಡುತ್ತಾರೋ, ಬಾಯಿಗೆ ಬಂದದ್ದೋ?
– ಪಿಯುಸಿ ವಿದ್ಯಾರ್ಥಿನಿ, ಕುಂದಾಪುರ

ನೀವು ಗಮನಿಸಿದ್ದು ಸರಿ. ಸಾಮಾನ್ಯವಾಗಿ ಸಾಕುವ ಬಾತುಕೋಳಿಗಳಲ್ಲಿ ಗಂಡಿನದು ಕಟ್ಟಿದ ಗಂಟಲಿನ, ತಗ್ಗಿದ ದನಿ. ಗಂಡಿನ ಶ್ವಾಸನಾಳದ ಬುಡದಲ್ಲಿ ಬುರುಡೆಯಂಥ ಒಂದು ಉಬ್ಬು ಇರುತ್ತದೆ, ಹೆಣ್ಣಿಗೆ ಅದಿಲ್ಲ. ಇನ್ನೊಂದು ಗುರುತು ನಿಮಗೆ ಗೊತ್ತೇ ಇರುತ್ತದೆ: ಗಂಡಿನ ಬಾಲದ ಮೇಲೆ ಸುರುಳಿ ಸುತ್ತಿದ ಎರಡು ಮೂರು ಗರಿ. ಡೊನಾಲ್ಡ್ ಗಂಡು, ಅವನ ದನಿಯೂ ಒಡಕು. ಹಕ್ಕಿಶಾಸ್ತ್ರ ಓದಿ ಮಾಡಿದ್ದಲ್ಲ, ಆದರೆ ದನಿ ಸರಿಯಾದ ಜಾಗಕ್ಕೇ ಬಂದು ಕೂತಿದೆ.

ಡ್ಯಾಫಿ ಡಕ್ ಅಂದರೆ ಡೊನಾಲ್ಡ್‌ನ ನಕಲಲ್ಲವೇ?
– ಹವ್ಯಾಸಿ ವ್ಯಂಗ್ಯಚಿತ್ರಕಾರ, ಧಾರವಾಡ

ಖಂಡಿತ ಅಲ್ಲ. ಡೊನಾಲ್ಡ್ ಮೊದಲು ಬಂದದ್ದು ನಿಜ. ಡ್ಯಾಫಿ 1937ರಲ್ಲಿ ವಾರ್ನರ್ ಬ್ರದರ್ಸ್‌ನ ‘ಪೋರ್ಕೀಸ್ ಡಕ್ ಹಂಟ್’ ಚಿತ್ರದಲ್ಲಿ ಬಂದ, ನಿರ್ದೇಶಕ ಟೆಕ್ಸ್ ಏವರಿ, ದನಿ ಮೆಲ್ ಬ್ಲಾಂಕ್. ಡೊನಾಲ್ಡ್‌ಗೆ ಲೋಕದ ಮೇಲೆ ಸಿಟ್ಟು. ಡ್ಯಾಫಿಗೆ ಮೊದಲು ಬರೀ ಹುಚ್ಚಾಟ, ಆಮೇಲೆ ತಾನೇ ನಾಯಕನಾಗಬೇಕೆಂಬ ಆಸೆ.

ನೀವು ಗೆರೆ ಎಳೆಯುವವರಾದ್ದರಿಂದ 1953ರಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ ‘ಡಕ್ ಅಮಕ್’ ತಪ್ಪದೆ ನೋಡಿ. ಡ್ಯಾಫಿ ಕತ್ತಿ ಹಿಡಿದು ವೀರನಂತೆ ಬರುತ್ತಾನೆ, ಹಿಂದಿನ ದೃಶ್ಯವೇ ಮಾಯವಾಗುತ್ತದೆ. ತೋಟದ ಬಟ್ಟೆ ತೊಟ್ಟು ಬಂದರೆ ಹಿಂದೆ ಹಿಮ ಸುರಿದಿರುತ್ತದೆ. ಕಾಣದ ಕೈಯೊಂದು ಅವನನ್ನೇ ರಬ್ಬರಿನಿಂದ ಅಳಿಸುತ್ತದೆ, ಅವನ ದನಿಯನ್ನೂ ಕಿತ್ತುಕೊಳ್ಳುತ್ತದೆ, ಹೂವಿನ ತಲೆಯ ಪ್ರಾಣಿಯಾಗಿ ಮತ್ತೆ ಬಿಡಿಸುತ್ತದೆ. ಬಣ್ಣ, ಆಕಾರ, ಸದ್ದು ಎಲ್ಲ ಬದಲಾದರೂ ಅವನು ಡ್ಯಾಫಿಯೇ ಆಗಿ ಉಳಿಯುತ್ತಾನೆ. ಪಾತ್ರವೆಂದರೆ ಹೊರಗಿನ ರೂಪವಷ್ಟೇ ಅಲ್ಲ ಅನ್ನುವುದನ್ನು ಏಳು ನಿಮಿಷದೊಳಗೆ ಇಷ್ಟು ಚೆನ್ನಾಗಿ ಕಲಿಸುವ ಪಾಠ ನನಗೆ ಬೇರೆ ಸಿಕ್ಕಿಲ್ಲ. ಆ ಕೈ ಯಾರದೆಂದು ನಾನು ಹೇಳುವುದಿಲ್ಲ.

ಇಬ್ಬರನ್ನೂ ಒಟ್ಟಿಗೆ ನೋಡಬೇಕಿದ್ದರೆ 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಇದೆ. ಎರಡು ಪಿಯಾನೊಗಳ ಮುಂದೆ ಎರಡು ಬಾತುಕೋಳಿಗಳ ಜಿದ್ದಾಜಿದ್ದಿ.

ಏಳನೇ ತರಗತಿಗೆ ಗಣಿತ ಕಲಿಸುತ್ತೇನೆ. ಡೊನಾಲ್ಡ್‌ನ ಗಣಿತದ ಸಿನಿಮಾ ಒಂದಿದೆಯಂತೆ, ಶಾಲೆಯಲ್ಲಿ ತೋರಿಸಬಹುದೇ?
– ಒಬ್ಬ ಮೇಷ್ಟ್ರು, ಹೊಸದುರ್ಗ

ತೋರಿಸಿ, ಮೇಷ್ಟ್ರೇ. 1959ರ ‘ಡೊನಾಲ್ಡ್ ಇನ್ ಮ್ಯಾಥ್‌ಮ್ಯಾಜಿಕ್ ಲ್ಯಾಂಡ್’ ಅದು, ಅರ್ಧ ಗಂಟೆಗೂ ಕಡಿಮೆ. ತಂತಿಯನ್ನು ಅರ್ಧ ಮಾಡಿದರೆ ಸ್ಥಾಯಿ ಮೇಲೇರುವ ಪೈಥಾಗೊರಸ್‌ನ ಲೆಕ್ಕ ಅದರಲ್ಲಿದೆ. ಶಾಲೆಯಲ್ಲಿ ಯಾರಾದರೂ ವೀಣೆಯನ್ನೋ ಗಿಟಾರನ್ನೋ ತಂದರೆ ಅಲ್ಲೇ ಪರೀಕ್ಷಿಸಬಹುದು. ಗ್ರೀಸಿನ ಪಾರ್ಥೆನಾನ್ ಗುಡಿಯಲ್ಲಿ ಸುವರ್ಣ ಅನುಪಾತ (ಉದ್ದ ಅಗಲಗಳ ನಡುವಿನ ಸುಮಾರು 1.618ರ ಪ್ರಮಾಣ) ಇದೆ ಎಂದು ಅದರಲ್ಲಿ ಹೇಳುವುದನ್ನು ಇಂದಿನ ವಿದ್ವಾಂಸರಲ್ಲಿ ಅನೇಕರು ಒಪ್ಪುವುದಿಲ್ಲ. ಆ ಮಾತನ್ನು ಮಕ್ಕಳಿಗೆ ಮೊದಲೇ ತಿಳಿಸಿಬಿಡಿ. ಬಿಲಿಯರ್ಡ್ಸ್ ಭಾಗ ಬಂದಾಗ ಚಿತ್ರ ನಿಲ್ಲಿಸಿ. ಮೇಜಿನ ಅಂಚಿನ ಗುರುತುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಚೆಂಡು ಯಾವ ಗುರುತಿಗೆ ತಾಗಬೇಕೆಂದು ಮಕ್ಕಳಿಂದಲೇ ಕಳೆಯುವ ಲೆಕ್ಕ ಮಾಡಿಸಿ. ಉತ್ತರ ಬಂದ ಮೇಲೆ ಮುಂದೆ ಓಡಿಸಿ.