ಕೈಯಳತೆಯೇ ಸಾಕು, ಎಣ್ಣೆಯೊಂದನ್ನು ಬಿಟ್ಟು

ಕ್ಯಾಲೊರಿ ಲೆಕ್ಕವಿಡದೆ ಊಟದ ಪ್ರಮಾಣವನ್ನು ಅಂದಾಜು ಮಾಡುವುದು ಹೇಗೆಂದೂ, ಮನೆಮಂದಿಗೆಲ್ಲ ಒಂದೇ ಅಳತೆ ಸಾಕೇ ಎಂದೂ ಕೇಳಿದ್ದೀರಿ. ಒಂದೇ ಅಳತೆ ಸಾಲದು. ಆದರೆ ಅವರವರ ಕೈಯನ್ನೇ ಅಳತೆಗೋಲಾಗಿ ಬಳಸಿದರೆ ಆ ತೊಡಕು ಬಹುಮಟ್ಟಿಗೆ ನೀಗುತ್ತದೆ, ಏಕೆಂದರೆ ದೊಡ್ಡ ಮೈಕಟ್ಟಿನವರ ಕೈ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಮಗುವಿನ ಮುಷ್ಟಿ ಚಿಕ್ಕದಿರುತ್ತದೆ. ಬೇಯಿಸಿದ ಧಾನ್ಯ ಒಂದು ಮುಷ್ಟಿಯ ಗಾತ್ರದಷ್ಟು, ಮೊಟ್ಟೆ, ಮೀನು, ಕಾಳುಗಳಂಥವು ಬೆರಳು ಬಿಟ್ಟು ಅಂಗೈಯಷ್ಟು, ತರಕಾರಿ ಎರಡು ಮುಷ್ಟಿಯಷ್ಟು ಇರಲಿ. ಆಗ ತಟ್ಟೆಯ ಸುಮಾರು ಅರ್ಧಭಾಗ ತರಕಾರಿಯೇ ಆಗುತ್ತದೆ. ಎಣ್ಣೆ, ಬೆಣ್ಣೆಗಳ ವಿಷಯದಲ್ಲಿ ಮಾತ್ರ ಕಣ್ಣಂದಾಜನ್ನು ನಂಬಬೇಡಿ: ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕ್ಯಾಲೊರಿ ಇದ್ದರೆ ಅಷ್ಟೇ ಕೊಬ್ಬಿನಲ್ಲಿ 9 ಇರುವುದರಿಂದ, ಸೀಸೆಯಿಂದ ನೇರವಾಗಿ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕುವುದೇ ಲೇಸು. ಹೊಟ್ಟೆ ತುಂಬಿದ ಅರಿವು ತುಸು ತಡವಾಗಿಯೇ ಆಗುವುದರಿಂದ, ಎರಡನೆಯ ಸಲ ಬಡಿಸಿಕೊಳ್ಳುವ ಮುನ್ನ ಹತ್ತು ನಿಮಿಷ ಕಾದು ನೋಡಿ.