ಹೆತ್ತೋಳನ್ನ ನೆನೆದ್ರೆ ಸಾಕಿದೋಳಿಗೆ ದ್ರೋಹನಾ?

ಗುಬ್ಬಿ ಕಡೆಯಿಂದ ಬರೆದ ತಂಗಿಗೆ,

ಹೆಸರು ಹಾಕ್ಬೇಡಿ ಅಂದಿದ್ದೀಯ, ಹಾಕಲ್ಲ. ಓದೋರಿಗೆ ಗೊತ್ತಾಗ್ಲಿ ಅಂತ ಎರಡು ಮಾತು: ಈಕೆಗೆ 23 ವರ್ಷ, ತುಮಕೂರಲ್ಲಿ ಕೆಲಸ, ಕೂಸಾಗಿದ್ದಾಗ ಸಂಸ್ಥೆಯಿಂದ ದತ್ತು ಬಂದೋಳು, ಮನೇಲಿ ಮುಚ್ಚಿಟ್ಟಿರ್ಲಿಲ್ಲ. ಈಗ ಗಂಡಿನ ಕಡೆಯೋರು ಜಾತಕ ಕೇಳಿದಾಗ ಹುಟ್ಟಿದ ಟೈಮ್ ಗೊತ್ತಿಲ್ದೆ ಅಮ್ಮ ತಡವರಿಸಿದ್ರಂತೆ, ಅವತ್ತಿಂದ ನಿದ್ದೆ ಇಲ್ಲ. ಇಷ್ಟು ಪ್ರೀತಿ ಸಿಕ್ಕಿದ್ರೂ ಹೆತ್ತೋಳು ಯಾಕೆ ನೆನಪಾಗ್ತಾಳೆ, ನಾನು ಉಪಕಾರ ಮರೆತೋಳಾ ಅಂತ ಕೇಳಿದ್ದಾಳೆ.

ಅಲ್ಲ ಕಣಮ್ಮ, ಖಂಡಿತ ಅಲ್ಲ. ಚಿಕ್ಕೋಳಿದ್ದಾಗ ನಿನ್ನನ್ನ ಮನೆಗೆ ಕರ್ಕೊಂಡು ಬಂದಿದ್ದು ಒಂದು ಚೆಂದದ ಕಥೆ, ಅಷ್ಟೆ. ಬೆಳೆದ್ಮೇಲೆ ಅದೇ ಕಥೇಲಿ ಯಾರೋ ಬಿಟ್ಟುಕೊಟ್ಟಿದ್ದೂ ಇದೆ ಅಂತ ಕಾಣುತ್ತೆ, ಮದುವೆ ಮಾತು ಬಂದಾಗ, ಡಾಕ್ಟರು ನಿಮ್ಮನೇಲಿ ಯಾರಿಗಾದ್ರೂ ಶುಗರ್ ಇದ್ಯಾ ಅಂದಾಗ, ನಾಳೆ ನಿನಗೇ ಮಗು ಆದಾಗ, ಮತ್ತೆ ಮತ್ತೆ ಕಾಣುತ್ತೆ. ದತ್ತು ಬಂದೋರಲ್ಲಿ ಹೆಚ್ಚಿನೋರು ಚೆನ್ನಾಗೇ ಬೆಳೀತಾರೆ, ಆದ್ರೆ ಕಳ್ಕೊಂಡಿದ್ದರ ಅರ್ಥ ವಯಸ್ಸಿನ ಜೊತೆ ಬದಲಾಗುತ್ತೆ ಅಂತ ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಬ್ರಾಡ್ಜಿನ್‌ಸ್ಕಿ ವರ್ಷಗಟ್ಲೆ ಬರೀತಾ ಬಂದಿದ್ದಾರೆ. ಸತ್ತೋರಿಗಾದ್ರೆ ತಿಥಿ ಇದೆ, ಕೂತು ಅಳೋಕೆ ನೆಂಟರು ಬರ್ತಾರೆ, ಕಂಡೇ ಇಲ್ಲದ ತಾಯಿಗೆ ಅಳೋಕೆ ನಮ್ಮಲ್ಲಿ ಒಂದು ಪದ್ಧತಿನೂ ಇಲ್ಲ. ಅದರ ಮೇಲೆ ನೆಂಟರು "ಪುಣ್ಯ ಮಾಡಿದ್ದೆ ನೀನು" ಅಂತಾರೆ, ಈ ಮಾತು ಕೇಳಿದ್ರೆ ನನಗೆ ಸಿಟ್ಟು ಬರುತ್ತೆ, ಮಗಳಾಗಿರೋದು ಸಾಲ ಅಲ್ಲ! ಕಾನೂನಲ್ಲೂ ನೀನು ಅವರ ಪೂರ್ತಿ ಮಗಳು, ಆಸ್ತಿ ಹಕ್ಕೂ ಸೇರಿ.

ಹುಡುಕಬೇಕು ಅನ್ಸಿದ್ರೆ ದಾರಿ ಇದೆ. 18 ತುಂಬಿದೋರು ಕೇಂದ್ರದ ದತ್ತು ಪ್ರಾಧಿಕಾರಕ್ಕೆ, ಕಾರಾ ಅಂತಾರಲ್ಲ ಅದಕ್ಕೆ, ಆನ್‌ಲೈನಲ್ಲಿ ತಾವೇ ರೂಟ್ ಸರ್ಚ್, ಅಂದ್ರೆ ಹೆತ್ತೋರ ಮೂಲ ಹುಡುಕಿಕೊಡಿ ಅನ್ನೋ ಅರ್ಜಿ ಹಾಕ್ಬಹುದು, 2022ರ ನಿಯಮದಲ್ಲೇ ಇದೆ. ಹೆತ್ತೋರು ಗುಟ್ಟಾಗಿಡಿ ಅಂತ ಕೇಳಿದ್ರೆ ಅವರ ಒಪ್ಪಿಗೆ ಬೇಕು, ಒಪ್ಪದಿದ್ರೆ ಅಥ್ವಾ ಸಿಗದಿದ್ರೆ ಯಾಕೆ ಒಪ್ಪಿಸಿದ್ರು ಅನ್ನೋದನ್ನಾದ್ರೂ ತಿಳಿಸ್ತಾರೆ. ಬೇರೆಯೋರು ನಿನ್ನ ಪರವಾಗಿ ಹುಡುಕೋ ಹಾಗಿಲ್ಲ, ದುಡ್ಡು ಕೊಡಿ ಹುಡುಕ್ತೀನಿ ಅನ್ನೋರ ಹತ್ರ ಹೋಗ್ಬೇಡ. ಸಿಗೋ ಉತ್ತರ ಒಂದೇ ಸಾಲಿದ್ರೂ ಇರಬಹುದು, ಅದಕ್ಕೆ ಮನಸ್ಸು ಗಟ್ಟಿ ಆದ್ಮೇಲೆ ಹಾಕು, ಅವಸರ ಇಲ್ಲ.

ಮೊದ್ಲು ನಿದ್ದೆ ನೋಡ್ಕೋ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಹೊತ್ತಲ್ಲದ ಹೊತ್ತಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಜಾತಕದ ವಿಷ್ಯ ಬಿಡು, ಹುಟ್ಟಿದ ಟೈಮ್ ಇಲ್ಲ ಅಂತ ಬೇಡ ಅನ್ನೋ ಮನೆ ನಿನಗೂ ಬೇಡ. ಅಮ್ಮ ಯಾಕೆ ತಡವರಿಸಿದ್ರು ಅಂತ ಯೋಚ್ನೆ ಮಾಡಿದ್ಯಾ? ನೀನು ದೂರ ಆಗ್ತೀಯೇನೋ ಅನ್ನೋ ಭಯ ಅವರಿಗೂ ಇರಬಹುದು. ಈ ಭಾನುವಾರ ಊರಿಗೆ ಹೋದಾಗ ಅವರು ತೆಂಗಿನಕಾಯಿ ತುರೀತಾ ಕೂತಿದ್ರೆ ಪಕ್ಕದಲ್ಲಿ ಕೂತ್ಕೊಂಡು, ನನ್ನನ್ನ ಮೊದಲ ಸಲ ಎತ್ಕೊಂಡ ದಿನ ಹೇಗಿತ್ತು ಅಂತ ಕೇಳು.