ಎಲ್ಲರೂ ಒಪ್ಪಿದ್ದು ನನ್ನ ಕಣ್ಣಿಗೆ ಕಾಣದಿದ್ದರೆ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಇಲಿಯ ಮಿದುಳಿನ ಸ್ಲೈಡುಗಳಲ್ಲಿ ನನಗೆ ಕಾಣುವುದು ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಒಪ್ಪಿರುವ ವಿವರಣೆಗೆ ಹೊಂದುವುದಿಲ್ಲ. ಹೇಳಿದರೆ, ನಿನಗೆ ಅನುಭವ ಸಾಲದು ಎನ್ನುತ್ತಾರೆ. ಸುಮ್ಮನಿರಲೇ, ವಾದಿಸಲೇ?

ಉತ್ತರ: ವಾದಕ್ಕಿಳಿಯುವ ಮೊದಲು, ನಿಮಗೆ ಕಂಡದ್ದು ಅವರಿಗೂ ಕಾಣುವಂತೆ ಮಾಡಿ. ಸ್ಪೇನಿನ ನರವಿಜ್ಞಾನಿ ರಮೋನ್ ಇ ಕಹಾಲ್ ಅವರು ಮಾಡಿದ್ದು ಇದನ್ನೇ. ನರಮಂಡಲವೆಂದರೆ ಎಲ್ಲಿಯೂ ಕಡಿಯದ ಒಂದೇ ಬಲೆ ಎಂದು ಹೆಚ್ಚಿನ ವಿದ್ವಾಂಸರು ನಂಬಿದ್ದ ಕಾಲದಲ್ಲಿ, ಪ್ರತಿಯೊಂದು ನರಕೋಶವೂ ಬಿಡಿಯಾದ ಘಟಕವೆಂದು ಅವರು 1888ರಲ್ಲಿ ಬಾರ್ಸಿಲೋನಾದಿಂದ ಪ್ರಕಟಿಸಿದರು. ಅದಕ್ಕೆ ಅವರು ಬಳಸಿದ್ದು ಬಲೆಯ ವಾದದ ಪ್ರಮುಖ ಸಮರ್ಥಕರಾದ ಇಟಲಿಯ ಕ್ಯಾಮಿಲ್ಲೋ ಗಾಲ್ಜಿಯವರೇ 1873ರಲ್ಲಿ ಪ್ರಕಟಿಸಿದ್ದ ಬೆಳ್ಳಿಲವಣದಿಂದ ನರಕೋಶಗಳಿಗೆ ಬಣ್ಣ ಕೊಡುವ ವಿಧಾನವನ್ನು. ಅಂಗಾಂಶವನ್ನು ಎರಡು ಸಲ ಆ ದ್ರಾವಣಗಳಲ್ಲಿ ನೆನೆಸಿ, ನರತಂತುಗಳ ಮೇಲೆ ಕೊಬ್ಬಿನ ಕವಚ ಇನ್ನೂ ಕಟ್ಟಿರದ ಭ್ರೂಣಗಳನ್ನೂ ಮರಿಗಳನ್ನೂ ಆರಿಸಿಕೊಂಡದ್ದರಿಂದ, ಬೇರೆಯವರಿಗೆ ಗೋಜಲಾಗಿ ಕಂಡ ತಂತುಗಳ ತುದಿಗಳು ಅವರಿಗೆ ಸ್ಪಷ್ಟವಾಗಿ ಕಂಡವು.

ಆದರೂ ಸ್ಪ್ಯಾನಿಷ್ ಭಾಷೆಯಲ್ಲಿದ್ದ ಅವರ ಬರಹವನ್ನು ಓದುವವರು ವಿರಳವಾಗಿದ್ದರು. ಮಲಯಾಳದ ಕಚೇರಿಗಳಲ್ಲಿ ಕನ್ನಡದ ಅರ್ಜಿ ಹಿಡಿದು ನಿಂತ ನಮ್ಮ ಕಾಸರಗೋಡಿನವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1889ರಲ್ಲಿ ಅವರು ಸ್ಲೈಡುಗಳನ್ನು ಹೊತ್ತು ಬರ್ಲಿನ್ನಿನ ಅಂಗರಚನಾ ತಜ್ಞರ ಸಭೆಗೆ ಹೋಗಿ, ಸೂಕ್ಷ್ಮದರ್ಶಕದಲ್ಲಿ ನೀವೇ ನೋಡಿ ಎಂದರು. ನೋಡಿ ಒಪ್ಪಿದವರಲ್ಲಿ ಎಪ್ಪತ್ತು ದಾಟಿದ್ದ ಹಿರಿಯ ವಿಜ್ಞಾನಿ ಕೊಲ್ಲಿಕರ್ ಒಬ್ಬರು. ಆ ವಯಸ್ಸಿನಲ್ಲಿ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡ ಅವರ ಸ್ವತಂತ್ರ ಬುದ್ಧಿಯೂ ನನಗೆ ಕಹಾಲರದಷ್ಟೇ ದೊಡ್ಡದಾಗಿ ತೋರುತ್ತದೆ.

ಒಂಟಿಯಾಗಿ ನಿಂತ ಮಾತ್ರಕ್ಕೆ ನಿಮ್ಮ ಮಾತು ಸರಿಯಾಗಿಬಿಡುವುದಿಲ್ಲ. 1906ರಲ್ಲಿ ಕಹಾಲರೊಂದಿಗೆ ನೊಬೆಲ್ ಹಂಚಿಕೊಂಡ ಗಾಲ್ಜಿ, ಬಹುಮತ ತಮ್ಮ ಕೈಬಿಟ್ಟಿದ್ದರೂ, ಬಹುಮಾನದ ಭಾಷಣದಲ್ಲಿಯೇ ಬಿಡಿ ನರಕೋಶದ ಸಿದ್ಧಾಂತವನ್ನು ವಿರೋಧಿಸಿದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ನರಕೋಶಗಳ ನಡುವಿನ ಕಿರಿದಾದ ಕಂದರವನ್ನು ತೋರಿಸಿತು; ಒಂಟಿಯಾಗಿ ನಿಂತ ಗಾಲ್ಜಿಯವರ ಬಲೆಯ ವಾದವೇ ತಪ್ಪಾಗಿತ್ತು.

ಆದ್ದರಿಂದ ಮೊದಲು ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ. ಯಾವ ಸ್ಲೈಡು ಯಾವ ಗುಂಪಿನದೆಂಬ ಗುರುತನ್ನು ಗೆಳತಿಯೊಬ್ಬರಿಂದ ಮುಚ್ಚಿಸಿ, ಕೋಶಗಳನ್ನು ಮತ್ತೆ ಎಣಿಸಿ. ಎಣಿಕೆ ಆಗಲೂ ಹಾಗೆಯೇ ಬಂದರೆ ಸ್ಲೈಡುಗಳೊಂದಿಗೆ ಮಾರ್ಗದರ್ಶಕರ ಬಳಿಗೆ ಹೋಗಿ, ಯಾವ ಫಲಿತಾಂಶ ಬಂದರೆ ಈಗಿನ ವಿವರಣೆಯನ್ನು ಕೈಬಿಡಬಹುದೆಂದು ವಿನಯದಿಂದ ಕೇಳಿ, ಅವರು ಹೇಳಿದ ಪ್ರಯೋಗವನ್ನೇ ಮಾಡಿ.